ಸಮ್ಮತಿಪತ್ರಕ್ಕೆ ಸಹಿಮಾಡುವ ಮುನ್ನ

ಅಜ್ಜಾವರದ ತಾಯ್ತಂದೆಯರೇ, 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗಿನಿಂದಾಗಿ ಮುಚ್ಚಲ್ಪಟ್ಟ ಶಾಲೆಗಳು ಒಂದರಿಂದ ಐದನೆಯ ತರಗತಿಯ ಎಳೆಯರಿಗಾಗಿ ರಾಜ್ಯದಲ್ಲಿ ಮರಳಿ ತೆರೆದುದು 2021ರ ಅಕ್ಟೋಬರ್ 25ರಂದು; ಆ ದೀರ್ಘಾವಧಿಯಲ್ಲಿ, ತೆರೆದರೆ ಮಕ್ಕಳನ್ನು ಕಳುಹಿಸುವುದೋ ಬೇಡವೋ ಎಂದು ಜಗಲಿಗಳಲ್ಲಿ ನಡೆದ ವಾದವು ನಮ್ಮ ಸ್ಮೃತಿಯಿಂದ ಇನ್ನೂ ಮಾಸಿಲ್ಲ. ಅಂತಹ ಸಂಕಟ ಮತ್ತೊಮ್ಮೆ ಒದಗಿದಲ್ಲಿ ನೆನೆಯಬೇಕಾದ ಮಾತೊಂದನ್ನು ಸ್ನೇಹದಿಂದ ಹೇಳಬಯಸುತ್ತೇನೆ.

ಮಗುವನ್ನು ಮನೆಯಲ್ಲಿರಿಸಿಕೊಳ್ಳುವುದು ನಷ್ಟವಿಲ್ಲದ ರಕ್ಷಣೆಯೆಂದು ಭಾವಿಸದಿರಿ. ನಮ್ಮದೇ ಸುಳ್ಯ ತಾಲೂಕಿನ ಬಳ್ಳಕದಲ್ಲಿ, 2021ರ ಜೂನ್ ತಿಂಗಳ ಜಡಿಮಳೆಯಲ್ಲಿ, ನೆಟ್‌ವರ್ಕ್ ಅರಸಿ ರಸ್ತೆಯಂಚಿನಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ಕಂಡಿತು. ಆ ವಾತ್ಸಲ್ಯಕ್ಕೆ ತಲೆಬಾಗುತ್ತೇನೆ. ಆದರೆ ಮೊಬೈಲೇ ಇಲ್ಲದೆ, ಅಡಿಕೆ ತೋಟದ ಕೂಲಿಗೆ ಹೋದ ತಾಯಿಯ ದಾರಿ ಕಾಯುತ್ತ, ಕಲಿತ ಅಕ್ಷರವನ್ನೂ ಮರೆತ ಮಕ್ಕಳ ಚಿತ್ರವನ್ನು ತೆಗೆದವರಾರು? ಬಿಸಿಯೂಟದ ಬದಲಿಗೆ ಧಾನ್ಯವು ಮನೆಗೆ ಬಂದಿತು, ನಿಜ. ಒಡನಾಡಿಗಳ ಪಂಕ್ತಿ ಬರಲಿಲ್ಲ.

ಮನೆಯಲ್ಲಿ ಉಬ್ಬಸದ ಅಜ್ಜಿಯಿರುವಾಗ ಅಂಜಿದವರನ್ನು ಹಳಿಯಲಾಗದು. ಕೇರಳದ ಗಡಿಗೆ ಸಮೀಪವಿರುವ ನಮ್ಮಂತಹ ಊರಿನಲ್ಲಿ, ಆಚೆಯಿಂದಲೂ ಸೋಂಕು ಬಂದೀತೆಂದು, ಆ ಭೀತಿ ಇಮ್ಮಡಿಯಾಗಿತ್ತು. ಆದುದರಿಂದ, ಅಂತಹ ಕಾಲದಲ್ಲಿ ಶಾಲೆಯು ಪೋಷಕರ ಲಿಖಿತ ಸಮ್ಮತಿಯನ್ನು ಕೇಳಿದಾಗ, ಸಹಿಗೆ ಮುನ್ನ ಒಮ್ಮೆ ಶಾಲೆಗೆ ನಡೆದುಹೋಗಿರಿ: ಕಿಟಕಿಗಳು ಪೂರ್ತಿ ತೆರೆಯುವುವೇ, ಕೈತೊಳೆಯಲು ನೀರುಂಟೇ, ಜ್ವರ ಬಂದ ಮಗುವಿಗೆ ಹಾಜರಿಯ ಒತ್ತಾಯವಿಲ್ಲದೆ ರಜೆ ದೊರೆಯುವುದೇ ಎಂಬುದನ್ನು ಕಣ್ಣಾರೆ ಕಂಡು, ಕೊರತೆಯಿದ್ದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನಿಸ್ಸಂಕೋಚವಾಗಿ ಕೇಳಿರಿ. ಇನ್ನೂ ಅಂಜುವ ನೆರೆಮನೆಯವರಿದ್ದರೆ, ಅವರ ಮಗುವಿಗೆ ಅಂದಂದಿನ ಪಾಠವನ್ನು ನಿಮ್ಮ ಮಗುವಿನ ಕೈಯಲ್ಲೇ ಕಳುಹಿಸಿಕೊಡಿರಿ.