ಟಾರ್ಚನ್ನು ಕೊಳ್ಳುವ ಮುನ್ನ

ಪವಾಯಿಯಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೆ ನಿಜವಾದ ಕತ್ತಲೆಯ ಪರಿಚಯ ಕಡಮೆ. ಬೀದಿಯ ದೀಪಗಳೂ ಎತ್ತರದ ಕಟ್ಟಡಗಳ ಕಿಟಕಿಗಳೂ ರಾತ್ರಿಯೆಲ್ಲ ಸರೋವರದ ನೀರಿನಲ್ಲಿ ಹೊಳೆಯುತ್ತಿರುತ್ತವೆ. ಆದರೆ ಈ ಬೆಳಕೆಲ್ಲವೂ ದೂರದಿಂದ ಬರುವ ತಂತಿಗಳನ್ನು ನೆಚ್ಚಿಕೊಂಡಿದೆ. 2005ನೆಯ ಇಸವಿ ಜುಲೈ 26ರಂದು ಸುರಿದ ಮಹಾಮಳೆಯಲ್ಲಿ ಸಾಂತಾಕ್ರೂಜಿನಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರು ಮಳೆ ದಾಖಲಾಯಿತು. ನೀರು ನುಗ್ಗಿದ ಉಪನಗರಗಳಲ್ಲಿ ವಿದ್ಯುತ್ತನ್ನು ನಿಲ್ಲಿಸಬೇಕಾಯಿತು. 2020ನೆಯ ಇಸವಿ ಅಕ್ಟೋಬರ್ 12ರಂದು ಮಳೆಯ ನೆವವೂ ಇಲ್ಲದೆ ಇಡೀ ಮುಂಬಯಿಯಲ್ಲಿ ವಿದ್ಯುತ್ತು ನಿಂತುಹೋಯಿತು. ಇಂತಹ ಹೊತ್ತಿನಲ್ಲಿ ಮೆಟ್ಟಿಲನ್ನು ಇಳಿಯುವ ಅಜ್ಜಿಗೂ ಗುಡ್ಡದ ಇಳುಕಲಿನ ಓಣಿಯಲ್ಲಿ ನಡೆಯುವ ಕೂಲಿಕಾರನಿಗೂ ಕೈಯಲ್ಲೊಂದು ದೀಪ ಬೇಕು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಸಮೀಪದಲ್ಲಿರುವುದರಿಂದ, ಹಾವು ಚಿರತೆಗಳ ವಿಷಯದಲ್ಲಿಯೂ ನಮ್ಮವರು ಎಚ್ಚರವಾಗಿರಬೇಕಾಗಿದೆ.

ಕರಾವಳಿಯಿಂದ ಮುಂಬಯಿಗೆ ಬಂದ ಮನೆತನಗಳ ಹಿರಿಯರನ್ನು ಕೇಳಿದರೆ, ತೆಂಗಿನ ಒಣಗರಿಗಳನ್ನು ಕಟ್ಟಿ ಉರಿಸುತ್ತಿದ್ದ ಸೂಟೆಯ ಮಾತನ್ನು ಹೇಳುವರು. ಬಳಿಕ ಲಾಟೀನು ಬಂದಿತು. ಆಮೇಲೆ ಟಾರ್ಚು ಬಂದಿತು. ಈಗ ಪೇಟೆಯಲ್ಲಿ ನೂರು ರೂಪಾಯಿಯೊಳಗಿನ ಟಾರ್ಚೂ ಉಂಟು, ಸಾವಿರಾರು ರೂಪಾಯಿಯದೂ ಉಂಟು. ಇವುಗಳಲ್ಲಿ ನಿತ್ಯದ ಬಳಕೆಗೆ ಯೋಗ್ಯವಾಗಿದ್ದು, ಮನೆಯ ಖರ್ಚಿಗೆ ಭಾರವಾಗದ ಟಾರ್ಚನ್ನು ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಬೆಳಕು ಹುಟ್ಟುವ ಬಗೆ

ಹಳೆಯ ಟಾರ್ಚಿನ ಬಲ್ಬಿನಲ್ಲಿ ಕೂದಲಿನಂತಹ ಲೋಹದ ತಂತಿಯೊಂದಿರುತ್ತಿತ್ತು. ವಿದ್ಯುತ್ತು ಹರಿದಾಗ ಅದು ಕಾದು ಬೆಳಗುತ್ತಿತ್ತು. ಆದರೆ ಹಾಗೆ ವ್ಯಯವಾದ ಶಕ್ತಿಯ ಬಹುಭಾಗವು ಶಾಖವಾಗಿಯೇ ಹೋಗುತ್ತಿತ್ತು. ಈಗಿನ ಟಾರ್ಚಿನಲ್ಲಿ ತಂತಿಯಿಲ್ಲ. ಅದರ ಬದಲು ಎಲ್.ಇ.ಡಿ., ಅಂದರೆ ಬೆಳಕನ್ನು ಸೂಸುವ ಡಯೋಡು ಇರುತ್ತದೆ. ಎರಡು ಬಗೆಯ ಅರೆವಾಹಕಗಳು ಕೂಡುವ ಸ್ಥಳದಲ್ಲಿ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಬೆಳಕಿನ ರೂಪದಲ್ಲಿ ಬಿಟ್ಟುಕೊಡುತ್ತವೆ.

1962ರಲ್ಲಿ ನಿಕ್ ಹೊಲೊನ್ಯಾಕ್ ಎಂಬ ಅಮೆರಿಕದ ವಿಜ್ಞಾನಿಯು ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು ನಿರ್ಮಿಸಿದನು. ನೀಲಿ ಬೆಳಕು ಮಾತ್ರ ಬಹುಕಾಲ ಕೈಗೆ ಸಿಕ್ಕಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ನೀಲಿ ಎಲ್.ಇ.ಡಿ.ಯ ಮೇಲೆ ಹಳದಿಯ ಲೇಪವನ್ನು ಕೊಟ್ಟರೆ ಎರಡೂ ಬೆಳಕುಗಳು ಬೆರೆತು ಬಿಳಿಯಾಗಿ ಕಾಣುವುವು. ನಮ್ಮ ಟಾರ್ಚಿನ ಮುಂಭಾಗದಲ್ಲಿ ಕಾಣುವ ಹಳದಿಯ ಚುಕ್ಕೆ ಈ ಲೇಪವೇ ಆಗಿದೆ.

ಬೆಳಕಿನ ಅಳತೆ

ದೀಪವು ಎಲ್ಲ ದಿಕ್ಕುಗಳಿಗೂ ಚೆಲ್ಲುವ ಒಟ್ಟು ಬೆಳಕನ್ನು ಲ್ಯೂಮೆನ್‌ಗಳಲ್ಲಿ ಅಳೆಯುವರು. ಒಂದು ಮೇಣದಬತ್ತಿಯದು ಸುಮಾರು 12 ಲ್ಯೂಮೆನ್. ಮನೆಯೊಳಗೆ ವಸ್ತುವೊಂದನ್ನು ಹುಡುಕಲು 20ರಿಂದ 50 ಲ್ಯೂಮೆನ್ ಸಾಕು. ಓಣಿಯಲ್ಲಿ ನಡೆಯಲು 100ರಷ್ಟಿದ್ದರೆ ಧಾರಾಳವಾಯಿತು. ಹೀಗಿರಲು, ಅಗ್ಗದ ಟಾರ್ಚಿನ ಪೆಟ್ಟಿಗೆಯ ಮೇಲೆ ‘ಹತ್ತು ಸಾವಿರ ಲ್ಯೂಮೆನ್’ ಎಂದು ಅಚ್ಚಾಗಿರುವುದನ್ನು ಕಂಡರೆ ಹಿಗ್ಗಬಾರದು, ಸಂದೇಹಪಡಬೇಕು.

ಒಂದೇ ದಿಕ್ಕಿನಲ್ಲಿ ಬೆಳಕು ಎಷ್ಟು ತೀವ್ರವಾಗಿದೆ ಎಂಬುದರ ಅಳತೆ ಕ್ಯಾಂಡೆಲ. ಒಂದೇ ಎಲ್.ಇ.ಡಿ.ಯನ್ನು ಆಳವಾದ ಪ್ರತಿಫಲಕದಲ್ಲಿ ಕೂರಿಸಿದರೆ ಬೆಳಕು ಬಾಣದಂತೆ ದೂರ ಹೋಗುವುದು. ಪ್ರತಿಫಲಕವು ಆಳವಿಲ್ಲದಿದ್ದರೆ ಹತ್ತಿರದಲ್ಲಿ ಅಗಲವಾಗಿ ಹರಡುವುದು. ನಿತ್ಯದ ನಡೆದಾಟಕ್ಕೆ ದೂರದ ಬಾಣಕ್ಕಿಂತ ಪಾದದ ಮುಂದೆ ಹರಡುವ ಬೆಳಕೇ ಹೆಚ್ಚು ಉಪಯುಕ್ತ.

ದೂರ ಹೆಚ್ಚಿದಂತೆ ಬೆಳಕು ಕುಗ್ಗುವ ನಿಯಮವೊಂದುಂಟು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗುವುದು. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಪಾಲು. ಆದುದರಿಂದ ಟಾರ್ಚು ಎರಡರಷ್ಟು ದೂರ ತೋರಿಸಬೇಕಾದರೆ ನಾಲ್ಕರಷ್ಟು ತೀವ್ರತೆ ಬೇಕು. 2009ರಲ್ಲಿ ಅಮೆರಿಕದಲ್ಲಿ ರೂಪಿಸಿದ ಎಫ್.ಎಲ್. 1 ಎಂಬ ಮಾನಕದ ಪ್ರಕಾರ, ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ಸ್ಥಳದವರೆಗಿನ ದೂರವೇ ಟಾರ್ಚಿನ ‘ದೂರ’. 2500 ಕ್ಯಾಂಡೆಲದ ಟಾರ್ಚಿಗೆ ಈ ದೂರವು 100 ಮೀಟರು. ಅಲ್ಲಿ ನಿಂತವರ ಮುಖ ಸ್ಪಷ್ಟವಾಗಿ ಕಾಣುವುದೆಂದು ಇದರ ಅರ್ಥವಲ್ಲ.

ಅದೇ ಮಾನಕದಲ್ಲಿ, ಬೆಳಕು ಮೊದಲಿನ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಅವಧಿಯನ್ನು ‘ಉರಿಯುವ ಕಾಲ’ ಎನ್ನುವರು. ‘8 ಗಂಟೆ’ ಎಂದು ಬರೆದಿದ್ದರೆ ಎಂಟು ಗಂಟೆಯೂ ಒಂದೇ ಸಮನಾದ ಬೆಳಕು ಇರುವುದೆಂದು ಭಾವಿಸತಕ್ಕದ್ದಲ್ಲ.

ಶೆಲ್ಲಿನ ವಿಚಾರ

ಟಾರ್ಚಿನ ಜೀವವು ಅದರ ಶೆಲ್ಲಿನಲ್ಲಿದೆ. ಪೇಟೆಯ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಮೂರು ಪಂಗಡಗಳನ್ನು ಕಾಣಬಹುದು.

ಮೊದಲನೆಯದು, ಬಳಸಿ ಎಸೆಯುವ 1.5 ವೋಲ್ಟಿನ ಶೆಲ್ಲುಗಳದು. ಇವು ಯಾವ ಅಂಗಡಿಯಲ್ಲಿಯೂ ಸಿಗುವುವು. ಉಪಯೋಗಿಸದೆ ಇಟ್ಟರೂ ಬಹುಕಾಲ ಶಕ್ತಿಯನ್ನು ಉಳಿಸಿಕೊಳ್ಳುವುವು. ಆದರೆ ಟಾರ್ಚಿನೊಳಗೆ ಮರೆತುಬಿಟ್ಟರೆ ಸೋರಿ ಲೋಹವನ್ನು ತಿಂದುಹಾಕುವುವು.

ಎರಡನೆಯದು, ಗೋಡೆಯ ಪ್ಲಗ್ಗಿಗೆ ಚುಚ್ಚಿ ತುಂಬಿಸುವ ಅಗ್ಗದ ಟಾರ್ಚುಗಳದು. ಇವುಗಳಲ್ಲಿ ಅನೇಕಕ್ಕೆ ಸೀಸ ಮತ್ತು ಆಮ್ಲದ ಬ್ಯಾಟರಿ ಇರುತ್ತದೆ. ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅದು ಮತ್ತೆ ಶಕ್ತಿಯನ್ನು ಹಿಡಿದುಕೊಳ್ಳುವುದಿಲ್ಲ. ಸೀಸವು ವಿಷವಾದುದರಿಂದ ಇದನ್ನು ಕಸದಲ್ಲಿ ಎಸೆಯುವುದೂ ತರವಲ್ಲ.

ಮೂರನೆಯದು ಲಿಥಿಯಂ ಅಯಾನ್ ಶೆಲ್ಲುಗಳದು. ‘18650’ ಎಂಬ ಹೆಸರನ್ನು ಹಲವು ಟಾರ್ಚುಗಳ ಮೇಲೆ ನೋಡಬಹುದು. 18 ಮಿಲಿಮೀಟರು ವ್ಯಾಸ, 65 ಮಿಲಿಮೀಟರು ಉದ್ದ ಎಂಬುದೇ ಆ ಹೆಸರಿನ ಅರ್ಥ. ಇದರ ಒತ್ತಡ ಸುಮಾರು 3.7 ವೋಲ್ಟು. 2000 ಮಿಲಿಆಂಪಿಯರ್-ಗಂಟೆಯ ಇಂತಹ ಶೆಲ್ಲಿನಲ್ಲಿ 2 × 3.7 = 7.4 ವಾಟ್-ಗಂಟೆ ಶಕ್ತಿ ಇರುವುದು. ಒಂದು ವಾಟಿನ ಎಲ್.ಇ.ಡಿ.ಯನ್ನು ಅದು, ಅಲ್ಪಸ್ವಲ್ಪ ನಷ್ಟವನ್ನು ಕಳೆದು, ಸುಮಾರು ಆರು ಗಂಟೆ ಉರಿಸಬಲ್ಲುದು. ಈ ಅಳತೆಯ ಶೆಲ್ಲಿನ ಮೇಲೆ ‘9900’ ಎಂದು ಬರೆದಿದ್ದರೆ ಅದು ಸುಳ್ಳೆಂದೇ ತಿಳಿಯಬೇಕು. ಅಷ್ಟು ಶಕ್ತಿ ಆ ಗಾತ್ರದಲ್ಲಿ ಹಿಡಿಯುವುದಿಲ್ಲ. ಕಳಪೆಯ ಲಿಥಿಯಂ ಶೆಲ್ಲು ಉಬ್ಬಬಹುದು, ಬೆಂಕಿಯನ್ನೂ ಹಿಡಿಯಬಹುದು. ಆದುದರಿಂದ ಐ.ಎಸ್. 16046 ಎಂಬ ಭಾರತೀಯ ಮಾನಕದ ಗುರುತು ಇರುವುದನ್ನು ನೋಡಿ ಕೊಳ್ಳುವುದು ಕ್ಷೇಮ.

ಬೆಲೆಯ ಲೆಕ್ಕ

ಅಗ್ಗವೆಂದರೆ ಕೊಳ್ಳುವ ದಿನದ ಬೆಲೆ ಮಾತ್ರವಲ್ಲ. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಒಂದು ಟಾರ್ಚಿನ ಬೆಲೆ 100 ರೂಪಾಯಿ, ಅದಕ್ಕೆ ಬೇಕಾದ ಎರಡು ಶೆಲ್ಲುಗಳ ಜೋಡಿಗೆ 40 ರೂಪಾಯಿ. ಮತ್ತೊಂದು, ಪುನಃ ಪುನಃ ತುಂಬಿಸಬಲ್ಲ ಟಾರ್ಚು; ಅದರ ಬೆಲೆ 400 ರೂಪಾಯಿ.

ರಾತ್ರಿಯ ಪಾಳಿಗೆ ಹೋಗುವವರೊಬ್ಬರು ದಿನವೂ ಟಾರ್ಚನ್ನು ಬಳಸಿ ತಿಂಗಳಿಗೊಂದು ಜೋಡಿ ಶೆಲ್ಲನ್ನು ಮುಗಿಸುತ್ತಾರೆಂದು ಇಟ್ಟುಕೊಂಡರೆ, ವರ್ಷಕ್ಕೆ ಶೆಲ್ಲುಗಳಿಗೇ 480 ರೂಪಾಯಿ. ಟಾರ್ಚಿನ ಬೆಲೆಯೂ ಸೇರಿ 580 ಆಯಿತು. ಇಲ್ಲಿ 400 ರೂಪಾಯಿಯ ಟಾರ್ಚೇ ಅಗ್ಗ. ಅದನ್ನು ತುಂಬಿಸುವ ವಿದ್ಯುತ್ತಿನ ಖರ್ಚು ಗಣನೆಗೇ ಬಾರದು. ಏಕೆಂದರೆ ಒಂದು ಸಲಕ್ಕೆ 10 ವಾಟ್-ಗಂಟೆ ಬೇಕೆಂದರೂ ಒಂದು ಯೂನಿಟ್ಟಿನಲ್ಲಿ 100 ಸಲ ತುಂಬಿಸಬಹುದು.

ಆದರೆ ಕರೆಂಟು ಹೋದಾಗ ಮಾತ್ರ ಟಾರ್ಚನ್ನು ಹುಡುಕುವ ಮನೆಯ ಲೆಕ್ಕವೇ ಬೇರೆ. ವರ್ಷಕ್ಕೆ ಎರಡು ಜೋಡಿ ಸಾಕಾದರೆ ಮೊದಲ ವರ್ಷದ ಖರ್ಚು 180 ರೂಪಾಯಿ, ಎರಡು ವರ್ಷಕ್ಕೆ 260. ಅಲ್ಲದೆ, ತುಂಬಿಸಲು ಮರೆತ ಟಾರ್ಚು ಆಪತ್ತಿನ ದಿನ ಬರಿದಾಗಿರುವ ಭಯವುಂಟು. ಆಗ ಅದನ್ನು ತುಂಬಿಸಲು ಗೋಡೆಯಲ್ಲಿ ವಿದ್ಯುತ್ತೂ ಇರುವುದಿಲ್ಲ. ಇಂತಹ ಮನೆಗೆ ಹೊಸ ಶೆಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡ ಸರಳವಾದ ಟಾರ್ಚೇ ಲೇಸು. ಯಾರಿಗೆ ಯಾವುದು ಅಗ್ಗ ಎಂಬುದನ್ನು ಬಳಕೆಯೇ ನಿರ್ಣಯಿಸುವುದು.

ಮೊಬೈಲಿನಲ್ಲಿಯೇ ದೀಪವಿರುವಾಗ ಟಾರ್ಚೇಕೆ ಎಂದು ಕೆಲವರು ಕೇಳಬಹುದು. ಪ್ರವಾಹದ ರಾತ್ರಿಯಲ್ಲಿ ಮೊಬೈಲಿನ ಶಕ್ತಿಯು ಸಹಾಯಕ್ಕಾಗಿ ಕರೆಯುವುದಕ್ಕೆ ಉಳಿಯಬೇಕು. ದಾರಿ ತೋರುವ ಕೆಲಸವನ್ನು ಟಾರ್ಚಿಗೆ ಬಿಡಬೇಕು.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಟಾರ್ಚನ್ನು ಹೊತ್ತಿಸಿ ಗೋಡೆಯ ಕಡೆಗೆ ಹಿಡಿದು, ಬೆಳಕಿನ ವರ್ತುಲವು ಸಮನಾಗಿ ಹರಡಿದೆಯೇ ಎಂದು ನೋಡಬೇಕು. ಕೈಯಲ್ಲಿ ಅಲುಗಿಸಿದಾಗ ಬೆಳಕು ಮಿಣುಕಿದರೆ ಒಳಗಿನ ಸಂಪರ್ಕ ಸಡಿಲವೆಂದು ತಿಳಿಯಬೇಕು. ಗುಂಡಿಯನ್ನು ಹತ್ತಾರು ಸಲ ಒತ್ತಿ ನೋಡಬೇಕು. ಟಾರ್ಚುಗಳು ಹೆಚ್ಚಾಗಿ ಕೆಡುವುದು ಅಲ್ಲಿಯೇ. ಮಂದವಾದ ಬೆಳಕಿನ ಸ್ಥಾನವೊಂದಿದ್ದರೆ ಒಳ್ಳೆಯದು. ಅದರಿಂದ ಶೆಲ್ಲು ಹೆಚ್ಚು ಹೊತ್ತು ಬಾಳುವುದು. ಮುಂಬಯಿಯ ಮಳೆಗೆ ಐ.ಪಿ.ಎಕ್ಸ್. 4 ಎಂಬ ಗುರುತಿದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ಟಾರ್ಚು ತಡೆಯುವುದು. ಐ.ಪಿ.ಎಕ್ಸ್. 7 ಆದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಶೆಲ್ಲನ್ನು ನಾವೇ ತೆಗೆದು ಬದಲಿಸಲು ಬರುವುದೇ ಎಂಬುದನ್ನು ಕೊನೆಯಲ್ಲಿ ಕೇಳಬೇಕು. ಬದಲಿಸಲು ಬಾರದಿದ್ದರೆ ಶೆಲ್ಲು ಸತ್ತ ದಿನ ಟಾರ್ಚೂ ಸತ್ತಂತೆಯೇ.

ಈ ಕೊನೆಯ ಮಾತಿಗೆ ನಮ್ಮ ಪವಾಯಿಯಲ್ಲಿಯೇ ಒಂದು ನಿದರ್ಶನವಿದೆ. 1958ರಲ್ಲಿ ಸ್ಥಾಪಿತವಾದ ಇಲ್ಲಿನ ಐ.ಐ.ಟಿ. ಸಂಸ್ಥೆಯು ಗ್ರಾಮಗಳ ಶಾಲಾಮಕ್ಕಳಿಗಾಗಿ ಹತ್ತು ಲಕ್ಷ ಸೌರದೀಪಗಳನ್ನು ಒದಗಿಸುವ ‘ಮಿಲಿಯನ್ ಸೋಲ್’ ಎಂಬ ಯೋಜನೆಯನ್ನು ಕೈಗೊಂಡಿತು. ಆ ಎಲ್.ಇ.ಡಿ. ದೀಪಗಳನ್ನು ಪಟ್ಟಣದಿಂದ ಸಿದ್ಧಪಡಿಸಿ ಕಳುಹಿಸಿ ಸುಮ್ಮನಾಗಲಿಲ್ಲ. ಹಳ್ಳಿಯವರಿಗೇ ತರಬೇತಿ ಕೊಟ್ಟು, ಅವರೇ ಜೋಡಿಸಿ, ಮಾರಿ, ಕೆಟ್ಟಾಗ ದುರಸ್ತಿಮಾಡುವಂತೆ ಏರ್ಪಡಿಸಲಾಯಿತು. ದೀಪವನ್ನು ಕೊಡುವುದು ಒಂದು ದಿನದ ಉಪಕಾರ. ಅದನ್ನು ಸರಿಪಡಿಸುವ ವಿದ್ಯೆಯನ್ನು ಕೊಡುವುದು ಬಾಳಿನುದ್ದದ ಉಪಕಾರ. ಟಾರ್ಚನ್ನು ಆರಿಸುವಾಗಲೂ ಇದೇ ವಿವೇಕ ನಮಗಿರಲಿ.

ಕೆಲವು ಎಚ್ಚರಿಕೆಗಳು

ಟಾರ್ಚನ್ನು ಯಾರ ಕಣ್ಣಿಗೂ ನೇರವಾಗಿ ಬಿಡಬಾರದು. ಹಳೆಯ ಶೆಲ್ಲನ್ನೂ ಹೊಸ ಶೆಲ್ಲನ್ನೂ ಕೂಡಿಸಿ ಹಾಕಬಾರದು. ಬಹುದಿನ ಬಳಸದಿದ್ದರೆ ಶೆಲ್ಲನ್ನು ಹೊರತೆಗೆದಿಡಬೇಕು. ತುಂಬಿಸುವ ಟಾರ್ಚನ್ನು ಹಾಸಿಗೆಯ ಮೇಲಿಟ್ಟು ತುಂಬಿಸಬಾರದು. ಮಳೆಗಾಲದಲ್ಲಿ ತಿಂಗಳ ಮೊದಲನೆಯ ದಿನ ಅದನ್ನು ತಪ್ಪದೆ ಪರೀಕ್ಷಿಸಬೇಕು. ಟಾರ್ಚು ನೀರಿನ ಮೇಲ್ಮೈಯನ್ನು ತೋರಿಸೀತು. ಅದರಡಿಯ ತೆರೆದ ಗಟಾರವನ್ನಾಗಲಿ ಕಡಿದುಬಿದ್ದ ವಿದ್ಯುತ್ತಂತಿಯನ್ನಾಗಲಿ ತೋರಿಸಲಾರದು. ಆದುದರಿಂದ ಕೈಯಲ್ಲಿ ಬೆಳಕಿದೆಯೆಂಬ ಧೈರ್ಯದಿಂದ ನಿಂತ ನೀರಿಗೆ ಇಳಿಯಕೂಡದು. ಟಾರ್ಚಿಗೆ ಮನೆಯಲ್ಲಿ ಒಂದು ನಿಶ್ಚಿತವಾದ ಸ್ಥಳವಿರಲಿ. ಕತ್ತಲೆಯಲ್ಲಿ ಮನೆಯ ಚಿಕ್ಕ ಮಗುವಿನ ಕೈಗೂ ಅದು ಸಿಗುವಂತಿರಲಿ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಟಾರ್ಚಿನ ಬಳಕೆ ವರ್ಷಕ್ಕೆ ಎಷ್ಟು ಸಲ ಆಗುವುದು? ಮೇಲಿನ ಎರಡು ಲೆಕ್ಕಗಳಲ್ಲಿ ನಿಮಗೆ ಯಾವುದು ಹೊಂದುವುದು?

2. 400 ಕ್ಯಾಂಡೆಲದ ಟಾರ್ಚಿನ ಬೆಳಕು ಎಷ್ಟು ಮೀಟರು ದೂರದಲ್ಲಿ 0.25 ಲಕ್ಸ್‌ಗೆ ಇಳಿಯುವುದು?

3. ಟಾರ್ಚನ್ನು ಗೋಡೆಯಿಂದ ಒಂದು ಮೀಟರು ದೂರದಲ್ಲಿ, ಆಮೇಲೆ ಎರಡು ಮೀಟರು ದೂರದಲ್ಲಿ ಹಿಡಿದು ವರ್ತುಲದ ವ್ಯಾಸವನ್ನು ಅಳೆಯಿರಿ. ಬೆಳಕು ಏಕೆ ಕುಗ್ಗಿತೆಂಬುದನ್ನು ವಿವರಿಸಿರಿ.

4. ನೆರೆಮನೆಯ ಹಿರಿಯರೊಬ್ಬರಿಗೆ ಟಾರ್ಚನ್ನು ಆರಿಸಿಕೊಡಬೇಕಾದರೆ ನೀವು ಮೊದಲು ಅವರಿಗೆ ಯಾವ ಮೂರು ಪ್ರಶ್ನೆಗಳನ್ನು ಕೇಳುವಿರಿ?