ಮೊದಲು ಕೋಣೆಯಲ್ಲಿ ಚಪ್ಪಾಳೆ ತಟ್ಟು

ಪ್ರೀತಿಯ ಪುಟ್ಟೀ,

ಒಂದು ಲಕ್ಷ ಕೂಡಿಟ್ಟಿದ್ದೇನೆ, ಒಳ್ಳೆಯ ಸ್ಟೀರಿಯೊ ತರಬೇಕು, ಯಾವುದಕ್ಕೆ ಎಷ್ಟು ಹಾಕಲಿ ಎಂದು ಕೇಳಿದ್ದೀಯ. ಅಂಗಡಿಯಲ್ಲಿ ಬರೆದುಕೊಟ್ಟ ಪಟ್ಟಿಯನ್ನೂ ನೋಡಿದೆ. ಅರ್ಧಕ್ಕಿಂತ ಹೆಚ್ಚು ದುಡ್ಡು ಆಂಪ್ಲಿಫೈಯರಿಗೆ, ಹದಿನೈದು ಸಾವಿರ ಬರೀ ಕೇಬಲ್ಲಿಗೆ, ಉಳಿದದ್ದು ಸ್ಪೀಕರಿಗೆ. ಆ ಪಟ್ಟಿಯನ್ನು ತಲೆಕೆಳಗು ಮಾಡು.

ಯಾಕೆ ಅಂತ ಹೇಳುತ್ತೇನೆ. ಗಾಯಕರ ಗಂಟಲಿನಿಂದ ಹೊರಟ ದನಿ ನಿನ್ನ ಕಿವಿ ಮುಟ್ಟುವಷ್ಟರಲ್ಲಿ ವೇಷ ಬದಲಿಸಬೇಕಾಗುತ್ತದೆ. ಗಾಳಿಯ ಕಂಪನ ಮೈಕಿನಲ್ಲಿ ವಿದ್ಯುತ್ತಾಗುತ್ತದೆ, ಸ್ಪೀಕರಿನಲ್ಲಿ ಮತ್ತೆ ಗಾಳಿಯ ಕಂಪನವಾಗುತ್ತದೆ. ನಾದ ಕೆಡುವುದು ಹೆಚ್ಚಾಗಿ ಈ ವೇಷ ಬದಲಿಸುವ ಜಾಗಗಳಲ್ಲೇ. ಆಂಪ್ಲಿಫೈಯರು ವಿದ್ಯುತ್ತನ್ನು ವಿದ್ಯುತ್ತಾಗಿಯೇ ದೊಡ್ಡದು ಮಾಡುವುದು. ಇವತ್ತು ಸಾಧಾರಣ ಬೆಲೆಯ ಯಂತ್ರವೂ ಅದನ್ನು ಶೇ. 0.1ಕ್ಕಿಂತ ಕಡಿಮೆ ಡಿಸ್ಟಾರ್ಷನ್ನಿನಲ್ಲಿ (ನಾದದ ಕಲಬೆರಕೆ) ಮಾಡಿಬಿಡುತ್ತದೆ. ಸ್ಪೀಕರಿನ ಪಾಡು ಬೇರೆ. ಅಲ್ಲಿ ಕಾಗದದ್ದೋ ಪ್ಲಾಸ್ಟಿಕ್ಕಿನದ್ದೋ ಒಂದು ಕೋನ್ ನಿಜವಾಗಿ ಹಿಂದೆ ಮುಂದೆ ಓಡಿ ಗಾಳಿಯನ್ನು ತಳ್ಳಬೇಕು. ಮಂದ್ರದ ನಾದ ಜೋರಾಗಿ ಬಂದಾಗ ಒಳ್ಳೆಯ ಸ್ಪೀಕರಿನಲ್ಲೂ ಈ ಕಲಬೆರಕೆ ಶೇ. 1 ದಾಟುವುದುಂಟು. ಎರಡು ಸ್ಪೀಕರುಗಳ ನಡುವಿನ ವ್ಯತ್ಯಾಸ ಯಾರ ಕಿವಿಗಾದರೂ ಕೇಳುತ್ತದೆ. ಎರಡು ಒಳ್ಳೆಯ ಆಂಪ್ಲಿಫೈಯರುಗಳನ್ನು ಒಂದೇ ಮಟ್ಟದ ದನಿಯಲ್ಲಿಟ್ಟು ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ಹೇಳುವುದು ಬಹಳ ಕಷ್ಟ.

1970ರ ದಶಕದಲ್ಲಿ ಸ್ಕಾಟ್‌ಲೆಂಡಿನ ಲಿನ್ ಕಂಪನಿ ಇದಕ್ಕೆ ವಿರುದ್ಧವಾದ ಮಾತು ಹೇಳಿತ್ತು: ಮೊದಲು ಟರ್ನ್‌ಟೇಬಲ್, ಆಮೇಲೆ ಉಳಿದದ್ದು, ಬುಡದಲ್ಲೇ ಕಳೆದುಹೋದದ್ದನ್ನು ಮುಂದೆ ಯಾರೂ ತುಂಬಿಕೊಡಲಾರರು ಎಂದು. ಎಲ್‌ಪಿ ಕಾಲಕ್ಕೆ ಅದರಲ್ಲಿ ಹುರುಳಿತ್ತು. ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳೂ ಕಂಪನವನ್ನು ವಿದ್ಯುತ್ತಾಗಿಸುವ ಜಾಗವೇ ತಾನೆ? ನೀನು ಕೇಳುವುದು ಫೋನಿನಿಂದ, ಅಲ್ಲಿ ಮುಳ್ಳೇ ಇಲ್ಲ. 1982ರಲ್ಲಿ ಸಿ.ಡಿ. ಬಂದ ಮೇಲೆ ಆ ಮುಳ್ಳಿನ ತಾಪತ್ರಯ ತಪ್ಪಿತು. ಆದರೆ ಮೂಲ ರೆಕಾರ್ಡಿಂಗ್ ಕೆಟ್ಟಿದ್ದರೆ ಯಾವ ಸ್ಪೀಕರೂ ಅದನ್ನು ನೇರ್ಪು ಮಾಡುವುದಿಲ್ಲ, ಅದು ನೆನಪಿರಲಿ.

ಇನ್ನು ನಿನ್ನ ಕೋಣೆ. ಇದಕ್ಕೆ ಅಂಗಡಿಯ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಮಾರುವುದಿಲ್ಲ. ನನ್ನ ಮೊದಲ ಸ್ಟೀರಿಯೊದ ಸ್ಪೀಕರುಗಳನ್ನು ಹಾಲಿನ ಷೋಕೇಸಿನೊಳಗೆ ಕೂರಿಸಿದ್ದೆ. ದನಿ ಡಬ್ಬದೊಳಗಿನಿಂದ ಬಂದ ಹಾಗೆ. ಆಂಪ್ಲಿಫೈಯರಿನದೇ ದೋಷವೆಂದು ಅದನ್ನು ಮಾರಿ, ಸಾಲ ಮಾಡಿ, ದೊಡ್ಡದು ತಂದೆ. ಏನೂ ಬದಲಾಗಲಿಲ್ಲ. ಎರಡು ವರ್ಷದ ಮೇಲೆ ಸುಣ್ಣ ಹೊಡೆಸಲು ಷೋಕೇಸು ಖಾಲಿ ಮಾಡಿದಾಗ ಸ್ಪೀಕರುಗಳನ್ನು ಹೊರಗೆ ಸ್ಟೂಲಿನ ಮೇಲಿಟ್ಟೆವು. ಅವತ್ತು ಮಲ್ಲಿಕಾರ್ಜುನ ಮನ್ಸೂರರು ಹಾಡಿದಾಗ ಹಿಂದಿನ ತಂಬೂರಿ ಬೇರೆಯಾಗಿ, ನಿಚ್ಚಳವಾಗಿ ಕೇಳಿಸಿತು. ನಿನ್ನ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಆ ಸಾಲದ ದುಡ್ಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ನಿನ್ನ ಬಾಡಿಗೆ ಮನೆಯಲ್ಲಿ ಟೈಲ್ಸ್ ನೆಲ, ಬೋಳು ಗೋಡೆ, ಆರ್‌ಸಿಸಿ ಸೂರು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟು. ಹಿಂದೆಯೇ ಟ್ರೀಂ ಎಂಬ ಬಾಲ ಬಂದರೆ ಪ್ರತಿ ಹಾಡಿಗೂ ಆ ಬಾಲ ಅಂಟಿಕೊಳ್ಳುತ್ತದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು, ಇಷ್ಟಾದರೆ ತಾರದ ಚೀರಾಟ ತಗ್ಗುತ್ತದೆ. ಮಂದ್ರ ಮಾತ್ರ ಬಟ್ಟೆಗೆ ಬಗ್ಗುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತು ಅಡಿ ದೂರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್ ಸುಮಾರಿನ ನಾದ ಸಿಕ್ಕಿಹಾಕಿಕೊಂಡು ಗುಂಯ್‌ಗುಡುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹತ್ತೇ ಅಡಿಯಾದರೆ ಮೂರು ಕಡೆಯ ಗುಂಯ್ ಒಂದೇ ನಾದದಲ್ಲಿ ಕೂಡುತ್ತದೆ. ಗೋಡೆಗೆ ಒರಗಿ ಕೂತವರಿಗೆ ಅದು ಉಬ್ಬಿ ಕೇಳುತ್ತದೆ, ನಡುವೆ ಕೂತವರಿಗೆ ಮಾಯ. ಸ್ಪೀಕರನ್ನು ಮೂಲೆಯಿಂದ ಒಂದೆರಡು ಅಡಿ ಈಚೆಗೆ ತಂದು, ಕೂರುವ ಕುರ್ಚಿಯನ್ನೂ ಹಿಂದೆ ಮುಂದೆ ಸರಿಸಿ ನೋಡು. ಎರಡು ಸ್ಪೀಕರು ಮತ್ತು ನಿನ್ನ ತಲೆ, ಮೂರರ ನಡುವೆಯೂ ಸಮ ಅಂತರವಿರಲಿ. ತಾರದ ನಾದ ಹೊರಡಿಸುವ ಟ್ವೀಟರು ಕಿವಿಯ ಮಟ್ಟಕ್ಕೆ ಬರಲಿ.

ಉಳಿದದ್ದು ಬೇಗ ಮುಗಿಯುತ್ತದೆ. 50 ವ್ಯಾಟಿನ ಆಂಪ್ಲಿಫೈಯರು ನಿನ್ನ ಕೋಣೆಗೆ ಧಾರಾಳ. 100ಕ್ಕೆ ಏರಿಸಿದರೂ ಸಿಗುವುದು 3 ಡೆಸಿಬೆಲ್ ಅಷ್ಟೇ. ಕೇಬಲ್ಲಿಗೆ ಕರೆಂಟಿನ ಸಾಮಾನಿನ ಅಂಗಡಿಯ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ಐದು ಮೀಟರ್ ಹೋಗಿ ಬಂದರೂ ಅದರ ತಡೆ ಓಮ್‌ನ ಹತ್ತನೇ ಒಂದು ಭಾಗವೂ ಆಗದು. ಸ್ಪೀಕರಿನದು ಸಾಮಾನ್ಯವಾಗಿ 8 ಓಮ್.

ಸ್ಪೀಕರಿಗೆ ಅರವತ್ತು ಸಾವಿರ ತೆಗೆದಿಡು. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಪರದೆಯ ಹಿಂದೆ ಸ್ಪೀಕರುಗಳನ್ನಿಟ್ಟು ಜನರಿಂದ ಅಂಕ ಹಾಕಿಸಿದವರು. ಕಣ್ಣಿಗೆ ಕಂಡರೆ ಜನರ ತೀರ್ಪು ಬದಲಾಗುತ್ತದೆ ಎಂದು ಆಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಆದ್ದರಿಂದ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳು. ಎರಡರ ದನಿಯೂ ಒಂದೇ ಮಟ್ಟದಲ್ಲಿರಲಿ, ಸ್ವಲ್ಪ ಜೋರಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಅವರ ಡೆಮೊ ಹಾಡು ಬೇಡ, ನಿನಗೆ ಚೆನ್ನಾಗಿ ಗೊತ್ತಿರುವ ಒಂದು ಗಂಡಸಿನ ದನಿ, ಒಂದು ಹೆಂಗಸಿನ ದನಿ ತೆಗೆದುಕೊಂಡು ಹೋಗು.

ಮುಂಗಡ ಕೊಡುವ ಮೊದಲು ಟೇಪು ಹಿಡಿದು ಕೋಣೆಯ ಉದ್ದ, ಅಗಲ, ಎತ್ತರ ಅಳೆ. ಬಾಗಿಲು ಕಿಟಕಿ ಎಲ್ಲಿವೆ ಎಂದು ಒಂದು ಹಾಳೆಯಲ್ಲಿ ಗೀಚಿ ಕಳಿಸು. ಎಲ್ಲಿ ಇಡಬಹುದೆಂದು ಗುರುತು ಹಾಕಿ ವಾಪಸು ಕಳಿಸುತ್ತೇನೆ.

ನಿನ್ನ ಪ್ರೀತಿಯ,
ಮಾವ