ಕಳವು, ಲೂಟಿ, ನಾಶ: ಇಂಗ್ಲಿಷ್ ಪದಗಳನ್ನು ಗೆಲ್ಲುವ ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಕಾನ್‌ಸ್ಟೆಬಲ್, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಈ ಪದಗಳನ್ನು ಉರು ಹೊಡೆಯಬೇಡಿ. ನಮ್ಮ ಸೀಮೆಯ ಸಂಗತಿಗೆ ಗಂಟು ಹಾಕಿ ಕಲಿಯಿರಿ.

1. ಹೇಗೆ ಕದ್ದರು ಎಂದು ಮೊದಲು ಕೇಳಿ. ರಾತ್ರಿ ಪಂಪ್‌ಸೆಟ್ ಕೇಬಲ್ ಕತ್ತರಿಸಿಕೊಂಡು ಹೋದರೆ ಥೆಫ್ಟ್. ಕೊರಳ ಸರ ಸರಕ್ಕನೆ ಕಿತ್ತು ಓಡಿದರೆ ಸ್ನ್ಯಾಚಿಂಗ್. ಸಂತೆಯಿಂದ ಬರುವವರನ್ನು ಅಡ್ಡಗಟ್ಟಿ, ಚಾಕು ತೋರಿಸಿ ಹಣ ಕಿತ್ತರೆ ರಾಬರಿ. ಅದೇ ಕೆಲಸಕ್ಕೆ ಐದು ಅಥವಾ ಹೆಚ್ಚು ಜನ ಸೇರಿದರೆ ಡೆಕಾಯಿಟಿ. ನಾಲ್ವರಾದರೆ ಆ ಹೆಸರು ಸಲ್ಲದು. "ದುಡ್ಡು ಕೊಡದಿದ್ದರೆ ನೋಡ್ಕೋತೀನಿ" ಎಂದು ಹೆದರಿಸಿ ವಸೂಲಿ ಮಾಡಿದರೆ ಎಕ್ಸ್‌ಟಾರ್ಷನ್.

2. ಹೊಸ ಸೆಕ್ಷನ್‌ಗಳನ್ನು ಕಲಿಯಿರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಥೆಫ್ಟ್ 303, ಸ್ನ್ಯಾಚಿಂಗ್ 304, ಎಕ್ಸ್‌ಟಾರ್ಷನ್ 308, ರಾಬರಿ 309, ಡೆಕಾಯಿಟಿ 310.

3. ಮಿಸ್ಚೀಫ್ ಕಂಡರೆ ನಿಂತು ಓದಿ. ಶಾಲೆಯ ಪಾಠದಲ್ಲಿ ಅದು ಮಕ್ಕಳ ತುಂಟಾಟ. 324ನೇ ಸೆಕ್ಷನ್‌ನಲ್ಲಿ ಅದು ಇನ್ನೊಬ್ಬರಿಗೆ ನಷ್ಟವಾಗಲೆಂದೇ ಸ್ವತ್ತು ಹಾಳುಗೆಡವುವ ಅಪರಾಧ. ಹಗೆ ಸಾಧಿಸಲು ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಇಟ್ಟವನು ಮಾಡಿದ್ದೂ ಇದನ್ನೇ. ಪತ್ರಿಕೆಗಳು ಆರ್ಸನ್ ಎನ್ನುತ್ತವೆ. ವರ್ಷದ ದುಡಿಮೆ ಬೂದಿಯಾದ ರೈತನ ಎದುರು ಅದನ್ನು ತುಂಟಾಟ ಎನ್ನಲು ಯಾರಿಗೆ ಬಾಯಿ ಬಂದೀತು?

4. ಆನೆಯನ್ನು ಕಳ್ಳನೆನ್ನಬೇಡಿ. ನಾಗರಹೊಳೆ ಕಾಡಂಚಿನ ಜಮೀನಿಗೆ ಆನೆ ನುಗ್ಗಿದರೆ ಕ್ರಾಪ್ ರೇಡಿಂಗ್. ದಂತಕ್ಕಾಗಿ ಅದನ್ನು ಕೊಂದವನು ಪೋಚರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಳಸುವ ಪದ ಹಂಟಿಂಗ್.

5. ಲೂಟ್, ಪ್ಲಂಡರ್, ಸ್ಯಾಕ್ ಮೂರಕ್ಕೂ ಶ್ರೀರಂಗಪಟ್ಟಣವನ್ನು ನೆನೆಯಿರಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಸೈನಿಕರು ಮನೆಮನೆ ದೋಚಿದರು; ಊರಿಗೆ ಊರನ್ನೇ ಹೀಗೆ ದೋಚುವುದು ಸ್ಯಾಕ್. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅವನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಲೂಟ್ ಪದವೂ ಇಂಡಿಯಾದಿಂದಲೇ ಅಲ್ಲಿಗೆ ಹೋದದ್ದು.

6. ನಿಮ್ಮ ಮನೆಯಲ್ಲೇ ಕಳವಾದರೆ ಇಂಗ್ಲಿಷ್ ಹುಡುಕುತ್ತಾ ಕೂರಬೇಡಿ. ಏನು, ಯಾವಾಗ, ಹೇಗೆ ಹೋಯಿತೆಂದು ಕನ್ನಡದಲ್ಲೇ ಠಾಣೆಯಲ್ಲಿ ಹೇಳಿ. ಬರೆದುಕೊಂಡದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ಕಾಸು ಕೊಡಬೇಕಿಲ್ಲ.